ಜ್ವರ ಬಂದದ್ದು ತಾಯಿಗೆ, ಕೂಸಿಗೆ ಏನಾಯಿತು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಪ್ಪ ಎಂದು ಸಮಿತಿಯವರು ಕರೆದಿದ್ದರು. ಅದನ್ನು ಹೇಳಲು ನನ್ನ ಹಿಂದೆ ಇನ್ನೂ ಇಬ್ಬರು ಇಂಜಿನಿಯರುಗಳು ಕುಳಿತಿದ್ದಾರೆ. ನಾನು ಬಿಇ ಓದಿದವನು, ಡಾಕ್ಟರ್ ಅಲ್ಲ. ಆದರೂ ಇವತ್ತು ಮಲೇರಿಯಾ ಬಗ್ಗೆ ಮಾತಾಡುತ್ತೇನೆ. ಕಾರಣ ಹೇಳುತ್ತೇನೆ, ಆಮೇಲೆ ಬೇಕಾದರೆ ಬೈಯಿರಿ.

ನನ್ನ ಚಿಕ್ಕಪ್ಪನ ಮಗಳು ಇದೇ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವಳು. ಈಗ ಸಭೆಯಲ್ಲೇ ಇದ್ದಾಳೆ, ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಮದುವೆಯಾದ ವರ್ಷ ಮಳೆ ಕೈಕೊಟ್ಟಿತು. ಗಂಡ ಹೆಂಡತಿ ಗುಳೆ ಹೊರಟು ಮಂಗಳೂರು ಸೇರಿದರು, ಕಟ್ಟಡದ ಕೆಲಸ. ನಮ್ಮ ಕಡೆಯಿಂದ ಎಷ್ಟು ಮಂದಿ ಹಾಗೆ ಹೋಗುತ್ತಾರೆ ಎಂಬುದು ನಿಮಗೇ ಗೊತ್ತು. ಅಲ್ಲಿ ಅವಳಿಗೆ ಮೂರನೆಯ ತಿಂಗಳಲ್ಲಿ ನಡುಕ ಹುಟ್ಟಿ ಜ್ವರ ಬಂತು. ರಕ್ತ ನೋಡಿ ಮಲೇರಿಯಾ ಎಂದರು, ಮೂರು ದಿನ ಗುಳಿಗೆ ಕೊಟ್ಟರು, ಜ್ವರ ಇಳಿಯಿತು. ಏಳನೆಯ ತಿಂಗಳಿಗೆ ಹೆರಿಗೆಗೆಂದು ತವರಿಗೆ ಬಂದಳು. ಬಂದ ಎರಡು ವಾರಕ್ಕೆ ಮತ್ತೆ ಅದೇ ನಡುಕ. ಒಂದು ಕಡೆ ತೋರಿಸಿದರೆ ರಕ್ತ ನೋಡದೆ ಸೂಜಿ ಮಾಡಿ ಸಲೈನ್ ಹಾಕಿ ಕಳಿಸಿದರು. ಕೊನೆಗೆ ನಮ್ಮ ಓಣಿಯ ಆಶಾ ಅಕ್ಕ ಬೆರಳಿಗೆ ಚುಚ್ಚಿ ಪರೀಕ್ಷಿಸಿದರು. ಮಲೇರಿಯಾ, ವೈವಾಕ್ಸ್.

ಕೂಸು ಹುಟ್ಟಿದಾಗ ತೂಕ 2 ಕಿಲೋ 200 ಗ್ರಾಂ. ಎರಡೂವರೆ ಕಿಲೋ ಇರಬೇಕಿತ್ತು. ಆ ರಾತ್ರಿ ಫೋನಿನಲ್ಲಿ ತಂಗಿ ಕೇಳಿದಳು: "ಅಣ್ಣಾ, ಜ್ವರ ಬಂದಿದ್ದು ನನಗ. ಒಳಗಿನ ಕೂಸಿಗೆ ಏನಾಗಿರ್ತದ?"

ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿ ಓದುತ್ತಾ ಹೋದೆ. ಗೊತ್ತಿದ್ದ ಇಬ್ಬರು ಡಾಕ್ಟರುಗಳಿಗೆ ಕಾಟ ಕೊಟ್ಟೆ. ತಿಳಿದದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ಮಲೇರಿಯಾ ಈಗೆಲ್ಲಿದೆ ಎನ್ನುವವರಿದ್ದಾರೆ. ಬಹಳ ಕಡಿಮೆಯಾಗಿದೆ ನಿಜ. ಆದರೆ ನಮಗೂ ಅದಕ್ಕೂ ಹಳೆಯ ನಂಟು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಆಗ ನಮ್ಮ ರಾಯಚೂರೂ ಅದೇ ನಿಜಾಮರ ಸಂಸ್ಥಾನದಲ್ಲಿತ್ತು. 1953ರಲ್ಲಿ ಸರ್ಕಾರದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಡಿಡಿಟಿ ಹೊಡೆದು ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದವರನ್ನು ಇಲ್ಲಿರುವ ಅಜ್ಜಂದಿರು ಕಂಡಿದ್ದಾರೆ. ಅರವತ್ತರ ದಶಕದಲ್ಲಿ ರೋಗ ಮುಗಿದೇ ಹೋಯಿತು ಎನ್ನುವಷ್ಟು ಇಳಿಯಿತು. 1976ರ ಹೊತ್ತಿಗೆ ದೇಶದಲ್ಲಿ ಮತ್ತೆ 64 ಲಕ್ಷ ಪ್ರಕರಣ. ನೀರಾವರಿ ಕಾಲುವೆ, ಗದ್ದೆಗಳಲ್ಲಿ ಒಂದು ಜಾತಿಯ ಸೊಳ್ಳೆ ಬೆಳೆದರೆ, ಪಟ್ಟಣದ ಟ್ಯಾಂಕು, ಬಾವಿ, ಕಟ್ಟಡದ ಕ್ಯೂರಿಂಗ್ ನೀರಿನಲ್ಲಿ ಇನ್ನೊಂದು. ಮಂಗಳೂರಿನಲ್ಲಿ ನಮ್ಮವರನ್ನು ಕಚ್ಚುವುದು ಈ ಎರಡನೆಯದು.

ಈಗ ಬಸುರಿಯ ಮಾತಿಗೆ ಬರೋಣ. ಫಾಲ್ಸಿಪಾರಂ ಎಂಬ ಕೆಟ್ಟ ಜಾತಿಯ ಮಲೇರಿಯಾ ಇದೆ. ಅದು ಹೊಕ್ಕ ರಕ್ತಕಣಗಳು ಮಾಸಿಗೆ ಹೋಗಿ ಅಂಟಿಕೊಳ್ಳುತ್ತವೆ. ಮಾಸಿನಲ್ಲಿರುವ ಒಂದು ಸಕ್ಕರೆಯಂಥ ವಸ್ತುವಿಗೆ ಅವು ಅಂಟುತ್ತವೆ ಎಂದು 1996ರಲ್ಲಿ ಕೆನ್ಯಾದಲ್ಲಿ ಮಿಖಾಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ ತೋರಿಸಿದರು. ಮಲೇರಿಯಾ ಹೆಚ್ಚಿರುವ ಆಫ್ರಿಕಾದ ಊರುಗಳಲ್ಲಿ ಚೊಚ್ಚಲ ಬಸುರಿಗೇ ಹೆಚ್ಚು ಅಪಾಯ. ಯಾಕೆಂದರೆ ಮಾಸು ಅವಳ ದೇಹಕ್ಕೂ ಹೊಸದು, ಅಲ್ಲಿ ಅಂಟುವ ರೋಗಾಣುವೂ ಹೊಸದು. ಎರಡನೆಯದು ಮೂರನೆಯದು ಆಗುವಷ್ಟರಲ್ಲಿ ಅವಳ ದೇಹ ಅದನ್ನು ಗುರುತು ಹಿಡಿಯುತ್ತದೆ. ನಮ್ಮಲ್ಲಿ ಮಲೇರಿಯಾ ಕಡಿಮೆ, ಹಾಗಾಗಿ ಆ ರಕ್ಷಣೆಯೂ ಕಡಿಮೆ. ಎಷ್ಟನೆಯ ಬಸುರಿಯಾದರೂ ಹುಷಾರಾಗಿರಬೇಕು. ಮಾಸಿನ ಕೆಲಸ ಕೆಟ್ಟರೆ ಕೂಸಿಗೆ ಅನ್ನ ಕಡಿಮೆ, ತೂಕ ಕಡಿಮೆ. ವೈವಾಕ್ಸ್ ಹಾಗೆ ಮಾಸಿನಲ್ಲಿ ಗುಂಪುಗೂಡುವುದಿಲ್ಲ. ಆದರೂ ತಾಯಿಯ ರಕ್ತ ಕಡಿಮೆ ಮಾಡಿ ಕೂಸಿನ ತೂಕ ಇಳಿಸುತ್ತದೆ.

ತೂಕದ ಮಾತು ಎಲ್ಲರಿಗೂ ಗೊತ್ತು. ನನಗೆ ಹೊಸದಾಗಿದ್ದು ಮುಂದಿನದು. ತಾಯಿ ತನ್ನ ಪ್ರತಿಕಾಯಗಳನ್ನು ಕೂಸಿಗೆ ಬುತ್ತಿ ಕಟ್ಟಿದ ಹಾಗೆ ಕಟ್ಟಿ ಕಳಿಸುತ್ತಾಳೆ, ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ಹುಟ್ಟಿದ ಮೇಲಿನ ಮೊದಲ ಕೆಲವು ತಿಂಗಳು ಕೂಸು ಆ ಬುತ್ತಿಯ ಮೇಲೇ ಬದುಕುತ್ತದೆ. ಮಾಸಿಗೆ ಮಲೇರಿಯಾ ತಗುಲಿದರೆ ಬುತ್ತಿ ಪೂರ್ತಿ ತಲುಪದೆ ಇರಬಹುದು. ಗ್ಯಾಂಬಿಯಾ ದೇಶದಲ್ಲಿ ದಡಾರದ ಪ್ರತಿಕಾಯಗಳು ಹೀಗೆ ಕಡಿಮೆ ದಾಟಿದ್ದನ್ನು ಕಂಡಿದ್ದಾರೆ. ಅಂದರೆ ಮಲೇರಿಯಾ ಬಂದದ್ದಕ್ಕೆ ಕೂಸು ದಡಾರದ ಎದುರು ಬಡವಾಗುತ್ತದೆ!

ಇನ್ನೊಂದು ಇದೆ. ಈ ಬುತ್ತಿಯಲ್ಲಿ ಐಜಿಜಿ ಎಂಬ ಬಗೆಯ ಪ್ರತಿಕಾಯ ದಾಟುತ್ತದೆ, ಐಜಿಎಂ ಎಂಬುದು ದಾಟುವುದಿಲ್ಲ. ಹಾಗಿರುವಾಗ ಹೊಕ್ಕುಳಬಳ್ಳಿಯ ರಕ್ತದಲ್ಲಿ ಮಲೇರಿಯಾ ವಿರುದ್ಧದ ಐಜಿಎಂ ಸಿಕ್ಕರೆ ಅದನ್ನು ತಯಾರಿಸಿದವರು ಯಾರು? ಕೂಸೇ! ಹೊಟ್ಟೆಯಲ್ಲಿದ್ದಾಗಲೇ ಅದು ರೋಗಾಣುವಿನ ಸುಳಿವು ಕಂಡಿದೆ. ನಮ್ಮ ಕೆಲಸದಲ್ಲಿ ಲಾಗ್ ನೋಡಿ ಯಾರು ಬಂದು ಹೋದರು ಎಂದು ಹಿಡಿಯುತ್ತೇವೆ, ಇದೂ ಅಂಥದ್ದೇ. ಇದನ್ನು ಓದಿದ ದಿನ ನಾನು ಆಫೀಸಿನ ಕೆಲಸ ಮಾಡಲಿಲ್ಲ.

ಕಂಡ ಮೇಲೆ ಕೂಸು ಏನು ಕಲಿಯಿತು ಎಂಬುದು ಮುಖ್ಯ. ಹೊಟ್ಟೆಯೊಳಗಿನ ಕೂಸಿನ ರಕ್ಷಣಾ ಕಣಗಳಿಗೆ ಸುಮ್ಮನಿರುವುದನ್ನು ಹೆಚ್ಚು ಕಲಿಸಿರುತ್ತದೆ ಪ್ರಕೃತಿ. ತಾಯಿಯ ಜೀವಕೋಶಗಳು ಅಷ್ಟಿಷ್ಟು ಒಳಗೆ ಬರುತ್ತಲೇ ಇರುತ್ತವೆ, ಅವುಗಳ ಮೇಲೆ ಜಗಳಕ್ಕೆ ಬಿದ್ದರೆ ಬದುಕುವುದು ಹೇಗೆ? ಆ ಹೊತ್ತಿನಲ್ಲಿ ಮಲೇರಿಯಾದ ಚೂರುಗಳೂ ಬಂದರೆ, ಕೆಲವು ಕೂಸುಗಳು ಅದನ್ನೂ ಮನೆಯವರ ಲೆಕ್ಕಕ್ಕೆ ಸೇರಿಸಿಬಿಡುತ್ತವೆ. ಮರಿಯಿದ್ದಾಗಿನಿಂದ ದಿನಾ ಕಂಡವನಿಗೆ ನಾಯಿ ಬೊಗಳುವುದಿಲ್ಲವಲ್ಲ, ಹಾಗೆ. ಕೆನ್ಯಾದಲ್ಲಿ ಇಂಥ ಕೂಸುಗಳನ್ನು ಹುಟ್ಟಿದ ಮೇಲೆ ವರ್ಷಗಟ್ಟಲೆ ನೋಡಿದರು. ಕೆಲವು ಚುರುಕಾಗಿ ಎದುರಿಸಿದವು. ಸುಮ್ಮನಿರಲು ಕಲಿತವುಗಳಿಗೆ ಮುಂದೆ ಮಲೇರಿಯಾ ಸೋಂಕು ಹೆಚ್ಚು ತಗುಲಿತು. ಕ್ಯಾಮರೂನ್ ದೇಶದಲ್ಲೂ ಮಾಸಿಗೆ ಸೋಂಕು ತಗುಲಿದ್ದ ತಾಯಂದಿರ ಕೂಸುಗಳಿಗೆ ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ ಹೆಚ್ಚು ಮಲೇರಿಯಾ ಬಂದದ್ದನ್ನು ದಾಖಲಿಸಿದ್ದಾರೆ.

ತಂಗಿಗೆ ಇದನ್ನೆಲ್ಲ ಹೇಳಿದೆ. ಆಫ್ರಿಕಾದ ಈ ಅಧ್ಯಯನಗಳು ಫಾಲ್ಸಿಪಾರಂ ಕುರಿತದ್ದು, ನಿನಗೆ ಬಂದದ್ದು ವೈವಾಕ್ಸ್, ಅದನ್ನು ಹಾಗೇ ನಿನ್ನ ಮಗಳ ಹಣೆಗೆ ಅಂಟಿಸಿಕೊಳ್ಳಬೇಡ ಎಂದೂ ಹೇಳಿದೆ. ಅವಳು ಅತ್ತಳು, ಆಮೇಲೆ ಸರಿಯಾದ ಪ್ರಶ್ನೆ ಕೇಳಿದಳು: "ಹಂಗಾದ್ರ ಈಗ ಏನು ಮಾಡ್ಬೇಕು?"

ಡಾಕ್ಟರುಗಳು ಹೇಳಿದ್ದು ಇಷ್ಟು. ಎದೆಹಾಲು ತಪ್ಪಿಸಬೇಡಿ. ಚುಚ್ಚುಮದ್ದು ಒಂದು ದಿನವೂ ಮುಂದೆ ಹಾಕಬೇಡಿ, ಒಂಬತ್ತು ತಿಂಗಳಿನ ದಡಾರದ್ದಂತೂ ಖಂಡಿತ. ಕೂಸಿಗೆ ಯಾವ ಜ್ವರ ಬಂದರೂ ಮೊದಲು ರಕ್ತ ನೋಡಿಸಿ. ಇನ್ನು ತಾಯಿಯ ವಿಷಯ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಮಲಗುತ್ತದೆ, ತಿಂಗಳುಗಳ ನಂತರ ಏಳುತ್ತದೆ. ಕಲ್ಲೂರಿನಲ್ಲಿ ಬಂದ ಎರಡನೆಯ ಜ್ವರ ಹಾಗೆ ಎದ್ದ ಮಂಗಳೂರಿನದೇ ಇರಬೇಕು ಎಂದರು. ಮಲಗಿದ್ದನ್ನು ಕೊಲ್ಲುವ ಗುಳಿಗೆ ಪ್ರೈಮಾಕ್ವಿನ್, ಆದರೆ ಬಸುರಿಗೆ ಅದನ್ನು ಕೊಡುವಂತಿಲ್ಲ. ಹೆರಿಗೆಯಾದ ಮೇಲೆ ಡಾಕ್ಟರು ಹೇಳಿದ ಹೊತ್ತಿಗೆ ಕೇಳಿ ತೆಗೆದುಕೊಳ್ಳಬೇಕು. ತಂಗಿಗೆ ಇದನ್ನು ಅಲ್ಲಿಯವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಬಸುರಿ ಎಂಬುದನ್ನು ನಾವು ಹೇಳಬೇಕು, ಗುಳೆ ಹೋಗಿ ಬಂದದ್ದನ್ನೂ ನಾವೇ ಹೇಳಬೇಕು. ಕೂಲಿ ಕೆಲಸದ ನಾಚಿಕೆಗೆ ಎಷ್ಟೋ ಮಂದಿ ಅದನ್ನು ಮುಚ್ಚಿಡುತ್ತಾರೆ.

ಮಗುವಿಗೆ ಈಗ ಹದಿನಾಲ್ಕು ತಿಂಗಳು. ಈ ಮೈಕಿನ ಸದ್ದಿಗಿಂತ ಜೋರಾಗಿ ಹಿಂದೆ ಕೂಗುತ್ತಿರುವುದು ಅವಳೇ. ಅವಳ ಚುಚ್ಚುಮದ್ದಿನ ದಾಖಲೆ ಇರುವ ತಾಯಿ ಕಾರ್ಡನ್ನು ನಿನ್ನೆ ನೋಡಿದೆ. ಹಿಂದಿನ ಪುಟದಲ್ಲಿ ತಂಗಿ ಪೆನ್ನಿನಿಂದ ಬರೆದಿದ್ದಾಳೆ: "ಹೊಟ್ಟೆಯಲ್ಲಿದ್ದಾಗ ತಾಯಿಗೆ ಮಲೇರಿಯಾ, ವೈವಾಕ್ಸ್, ಎರಡು ಸಲ." ಅಕ್ಷರ ದುಂಡಗಿದೆ, ಈ ಶಾಲೆಯ ಕನ್ನಡ ಮೇಷ್ಟ್ರು ಕಲಿಸಿದ್ದು. ಮುಂದಿನ ವಾರ ಅವರು ಮತ್ತೆ ಮಂಗಳೂರಿಗೆ ಹೊರಡುತ್ತಾರೆ. ಕಾರ್ಡು, ಸೊಳ್ಳೆಪರದೆ ಎರಡನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.