ಸಹಿಯ ಪಕ್ಕದಲ್ಲಿ ಹೆಸರೂ ಇರಲಿ



ಉಳವಿಯ ಜಾತ್ರೆಗೂ ಹುಬ್ಬಳ್ಳಿ ವೈದ್ಯಕೀಯ ಕಾಲೇಜಿನ ಸುವರ್ಣ ಮಹೋತ್ಸವದ ಸಹಿಗಳ ಈ ಪ್ರದರ್ಶನಕ್ಕೂ ಏನು ಸಂಬಂಧ ಎಂದು ಹಿರಿಯರೊಬ್ಬರು ಕೇಳಿದರು. ಕೇಳಬೇಕಾದ ಮಾತೇ. ಶರಣರಲ್ಲಿ ವೈದ್ಯ ಸಂಗಣ್ಣ ಎಂಬವರಿದ್ದರು. ವೈದ್ಯವೇ ಅವರ ಕಾಯಕ. ಇಷ್ಟು ಶತಮಾನ ಕಳೆದರೂ ಅವರ ವಚನ ಅವರದೇ ಎಂದು ನಮಗೆ ತಿಳಿಯುವುದು ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ ಎಂಬ ಅಂಕಿತದಿಂದ, ಅಂದರೆ ವಚನದೊಳಗಿನ ಸಹಿಯಿಂದ. ಇಲ್ಲಿ ಐಕ್ಯರಾದ ಚೆನ್ನಬಸವಣ್ಣನವರನ್ನು ‘ಕೂಡಲಚೆನ್ನಸಂಗಮದೇವ’ ಎಂಬ ಅಂಕಿತದಿಂದ ಗುರುತಿಸುತ್ತೇವೆ. ವಚನಗಳ ಓಲೆಕಟ್ಟುಗಳು ಎಷ್ಟೋ ಕೈ ದಾಟಿದವು. ಸಂಶೋಧಕ ಹಳಕಟ್ಟಿಯವರು ಅವನ್ನು ಹುಡುಕಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಅಚ್ಚು ಹಾಕಿಸುವಾಗ ಯಾರ ಮಾತು ಯಾವುದು ಎಂದು ವಿಂಗಡಿಸಲು ಸಾಧ್ಯವಾದದ್ದು ಅಂಕಿತಗಳನ್ನು ಓದಲು ಬರುತ್ತಿದ್ದುದರಿಂದ.

ಈ ಸಹಿಗಳ ಕಾಲೇಜು ಕೆಎಂಸಿ. ಕೆಎಂಸಿ ಎಂದರೆ ನಮ್ಮ ಕಡೆಯವರಿಗೆ ಇಂದಿಗೂ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯೇ. ಕಾಲೇಜು ಶುರುವಾದದ್ದು 1957ರಲ್ಲಿ. ಮುಂದೆ ಕಿಮ್ಸ್ ಆಯಿತು. ಕಾಲೇಜು ಶುರುವಾಗುವ ಮುಂಚೆ ಡಾಕ್ಟರಿಕೆ ಕಲಿಯಲು ಈ ಭಾಗದ ಹುಡುಗರು ಮುಂಬೈ, ಪುಣೆಯ ದಾರಿ ಹಿಡಿಯುತ್ತಿದ್ದರು. ಬೆಳಗಾವಿಯಲ್ಲಿ ಕಾಲೇಜು ಬಂದದ್ದು 1963ರಲ್ಲಿ. ನಮ್ಮ ಜಿಲ್ಲೆಯ ಕಾರವಾರದಲ್ಲಂತೂ ಮೊದಲ ತಂಡ ಸೇರಿದ್ದು 2016ರಲ್ಲಿ. ಹುಬ್ಬಳ್ಳಿಯಲ್ಲಿ ಓದಿ ಕಾಡುಹಾದಿಯ ಹಳ್ಳಿಗಳಿಗೆ ಬಂದು ದುಡಿದವರ ಸಹಿಗಳು ಈ ಮೇಜುಗಳ ಮೇಲಿವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಬ್ಯಾಚಿನ ಗ್ರೂಪ್ ಫೋಟೊ. ಕೆಳಗಿನ ದಪ್ಪ ರಟ್ಟಿನ ಮೇಲೆ ನೀಲಿ, ಹಸಿರು ಶಾಯಿಯಲ್ಲಿ ಪ್ರಾಧ್ಯಾಪಕರ ಸಹಿಗಳು ಒತ್ತೊತ್ತಾಗಿವೆ. ಬಲತುದಿಯಲ್ಲಿ ಒಂದು ಹೆಸರು ಮಾತ್ರ ಬಿಡಿಬಿಡಿ ಕನ್ನಡ ಅಕ್ಷರದಲ್ಲಿದೆ. ಅದು ಶವಛೇದನ ಕೊಠಡಿಯ ಅಟೆಂಡರದು. ಇಡೀ ರಟ್ಟಿನ ಮೇಲೆ ಸಲೀಸಾಗಿ ಓದಲು ಬರುವುದು ಅದೊಂದೇ. ಉಳಿದವರು ಯಾರು ಎಂದು ಆ ಬ್ಯಾಚಿನವರನ್ನೇ ಕೇಳಬೇಕು. ಅವರೂ ಈಗ ಎಪ್ಪತ್ತು ದಾಟಿದವರು. ಆದ್ದರಿಂದ ಸಂಗ್ರಹಿಸುವ ತರುಣರಲ್ಲಿ ನನ್ನ ಕಳಕಳಿಯ ಮಾತು: ಸಹಿ ಹಾಕಿಸಿಕೊಂಡು ಸುಮ್ಮನಾಗಬೇಡಿ. ಪೂರ್ಣ ಹೆಸರು, ಊರು, ಯಾವ ಬ್ಯಾಚು, ಎಲ್ಲೆಲ್ಲಿ ದುಡಿದರು ಎಂಬುದನ್ನು ಅವರೆದುರೇ ಕೇಳಿ, ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಡೀನ್, ಮಂತ್ರಿಗಳ ಸಹಿಗೆ ಮುಗಿಬೀಳುವವರು ಬಹಳ. ಸಿಸ್ಟರ್, ಕಾಂಪೌಂಡರ್, ಹಾಸ್ಟೆಲ್ ಅಡುಗೆಯವರ ಬಳಿಗೂ ಹೋಗಿ.

ಸ್ಮರಣ ಸಂಚಿಕೆಯ ಶುಭಸಂದೇಶಗಳ ಕೆಳಗಿನ ಸಹಿ ಕಂಡು ಮೋಸಹೋಗಬೇಡಿ. ಅದು ಅಚ್ಚಿನದು, ಭೂತಗನ್ನಡಿ ಹಿಡಿದರೆ ಸಾಮಾನ್ಯವಾಗಿ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ಬಾಲ್‌ಪೆನ್ನಿನ ಸಹಿಯಾದರೆ ಓರೆಬೆಳಕಿನಲ್ಲಿ ಕಾಗದ ತಗ್ಗಿದ ಗೆರೆ ತೋರುತ್ತದೆ.

ನಮ್ಮ ಸೀಮೆಯ ಮಳೆಗಾಲ ಕಾಗದಕ್ಕೆ ವೈರಿ. ಸ್ಕೆಚ್‌ಪೆನ್ ಬಣ್ಣ ತೇವಕ್ಕೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ಲ್ಯಾಮಿನೇಶನ್ ಮಾಡಿಸಲೇಬೇಡಿ. ಒಮ್ಮೆ ಅಂಟಿದ ಹಾಳೆಯನ್ನು ಕಾಗದ ಕೆಡದಂತೆ ಬಿಡಿಸಲಾಗದು. ಗೋಡೆಗೆ ತಗುಲಿಸುವ ಬದಲು, ಗೆದ್ದಲು ಹತ್ತದ ಕಪಾಟಿನಲ್ಲಿ ಇಟ್ಟು, ಮಳೆ ಬಿಟ್ಟ ಮೇಲೆ ತೆಗೆದು ನೆರಳಲ್ಲಿ ಗಾಳಿಗೆ ಹಿಡಿಯಿರಿ.

ಇನ್ನೊಂದು ಮಾತು ಬಿಗಿಯಾಗಿಯೇ ಹೇಳುತ್ತೇನೆ. ರೋಗಿಯ ಹೆಸರಿರುವ ಔಷಧಿ ಚೀಟಿ, ಕೇಸ್ ಪೇಪರ್ ಎಷ್ಟು ದೊಡ್ಡ ವೈದ್ಯರ ಸಹಿಯದಾದರೂ ಪ್ರದರ್ಶನಕ್ಕೆ ಸಲ್ಲ. ಆ ನೋವು ಆ ಮನೆಯವರದು. ಸಂಘಟಕರು ಅಂಥವನ್ನು ಹೊರಗಿಟ್ಟಿದ್ದಾರೆ. ಅದಕ್ಕೆ ಅವರಿಗೆ ನಮಸ್ಕಾರ.

ಬಾಗಿಲ ಬಳಿ ಒಂದು ರಿಜಿಸ್ಟರ್ ಇದೆ. ಜಾತ್ರೆಗೆ ಬಂದವರಲ್ಲಿ ಯಾವುದೇ ಆಸ್ಪತ್ರೆಯಲ್ಲಿ ದುಡಿದವರಿದ್ದರೆ ದಯಮಾಡಿ ಹೆಸರು, ಊರು, ಮಾಡಿದ ಕೆಲಸ ಬರೆದು ಕೆಳಗೆ ಸಹಿ ಹಾಕಿ. ಬರೆಯಲು ಕಣ್ಣು ಸಾಲದವರಿಗೆ ಅಲ್ಲಿರುವ ಮಕ್ಕಳು ಬರೆದುಕೊಡುತ್ತಾರೆ. ಫೋಟೊದಲ್ಲಿ ಯಾರದಾದರೂ ಗುರುತು ಹತ್ತಿದರೆ ಆ ಮಕ್ಕಳಿಗೆ ತಿಳಿಸಿ. ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಮೊದಲು ಹಿರಿಯರು ಒಳಗೆ ಬರಲಿ.