ಕೆರೆಯ ಮೀನಿಗೂ ಒಂದು ಲೆಕ್ಕ



ಮನೆಯಲ್ಲಿ ಕುರಿ ಎಷ್ಟು, ಕೋಳಿ ಎಷ್ಟು ಅಂತ ಕೇಳಿದರೆ ಥಟ್ಟನೆ ಹೇಳುತ್ತೀರಿ. ಕೆರೆಯಲ್ಲಿ ಯಾವ ಮೀನು ಎಷ್ಟಿದೆ ಅಂದರೆ, "ನೀರೊಳಗಿನದು ಯಾರು ಕಂಡರು ಸ್ವಾಮಿ" ಅಂತೀರಿ. ಕಾಣುವ ದಾರಿ ಉಂಟು, ಕೇಳಿ.

ನಮ್ಮ ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್ ಕೂಡ ಮಳೆ ಬಂದರೆ ನೀರು, ಇಲ್ಲದಿದ್ದರೆ ಮರಳು. ಇಂಥ ಬತ್ತುವ ನೀರಿಗೆ ಒಗ್ಗಿದವು ನಮ್ಮ ನಾಡಮೀನುಗಳಾದ ಕೊರಮೀನು, ಚೇಳುಮೀನು. ಮೇಲೆ ಬಂದು ಗಾಳಿ ಕುಡಿದು, ಕೆಸರಿನಲ್ಲೂ ಕೆಲಕಾಲ ಜೀವ ಹಿಡಿದಿರುತ್ತವೆ. ಕೊರಮೀನಿಗೆ ಸಂತೆಯಲ್ಲಿ ಒಳ್ಳೆಯ ಬೆಲೆಯೂ ಇದೆ.

ಹೊರಗಿನಿಂದ ಬಂದ ಮೀನೆಲ್ಲ ಕೆಟ್ಟದ್ದಲ್ಲ. ಕಾಟ್ಲಾ, ರೋಹು ಉತ್ತರದ ನದಿಗಳವು. ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಬಿಟ್ಟಷ್ಟೇ ಇರುತ್ತವೆ. ಜಿಲೇಬಿ ಮೀನು ಹಾಗಲ್ಲ. ಆಫ್ರಿಕಾದ ಈ ಮೀನು 1952ರಲ್ಲಿ ಭಾರತಕ್ಕೆ ಬಂತು. ತಾಯಿ ಮೊಟ್ಟೆಯನ್ನು ಬಾಯಲ್ಲಿಟ್ಟು ಕಾಯುತ್ತದೆ. ವರ್ಷಕ್ಕೆ ಹಲವು ಸಲ ಮರಿ. ಕೊನೆಗೆ ಕೆರೆ ತುಂಬ ಮೀನು, ತೂಕ ಮಾತ್ರ ಇಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಇನ್ನೂ ಕೇಡು, ಬೇರೆ ಮೀನುಗಳನ್ನೇ ನುಂಗುತ್ತದೆ. ಅದರ ಸಾಕಣೆಯನ್ನು ಸರ್ಕಾರ 1997ರಲ್ಲೇ ನಿಷೇಧಿಸಿದೆ.

ಮೊದಲು ಕೆರೆ ಬತ್ತಿದಾಗ ಜಿಲೇಬಿ ಸಾಯುತ್ತಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಜಿಲ್ಲೆಯ ಅನೇಕ ಕೆರೆಗಳಿಗೆ ಬರುತ್ತಿದೆ. ನೀರು ನಿಂತರೆ ಜಿಲೇಬಿಯೂ ನಿಲ್ಲುತ್ತದೆ. ಕೋಡಿ ಬಿದ್ದರೆ ಕೆಳಗಿನ ಕೆರೆಗೂ ಇಳಿಯುತ್ತದೆ. ಅದಕ್ಕೇ ಈಗ ಲೆಕ್ಕ ಬೇಕು.

ಹೀಗೆ ಮಾಡಿ. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಗೆ ಮುಂಚೆ ಒಮ್ಮೆ ಬಲೆ ಬೀಸಿ. ಅದೇ ಬಲೆ, ಅದೇ ಜಾಗ, ಅಷ್ಟೇ ಸಲ. ಕಣ್ಣಿನ ಅಳತೆ ಬದಲಾದರೆ ಸಿಗುವ ಮೀನೂ ಬದಲಾಗಿ ಲೆಕ್ಕ ಸುಳ್ಳಾಗುತ್ತದೆ. ಸಿಕ್ಕಿದ್ದನ್ನು ಜಾತಿವಾರು ವಿಂಗಡಿಸಿ, ಎಣಿಸಿ, ಉದ್ದ ಅಳೆದು, ತಾರೀಖು ಸಮೇತ ಪುಸ್ತಕದಲ್ಲಿ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ಗುರುತು ಸಿಗದ ಮೀನನ್ನು ನೀರಿಗೆ ಮರಳಿ ಬಿಡದೆ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ.

ನೂರು ಮೀನಿನಲ್ಲಿ ಜಿಲೇಬಿ ಈ ವರ್ಷ ಇಪ್ಪತ್ತು, ಮುಂದಿನ ವರ್ಷ ನಲವತ್ತು ಅಂತ ಪುಸ್ತಕ ಹೇಳಿದರೆ ಸುಮ್ಮನಿರಬೇಡಿ. ಮರಿಗಳಿದ್ದಾಗಲೇ ಹಿಡಿದು ತೆಗೆಯಿರಿ. ಮರಿಗಳ ಹಿಂಡು ಕಾಯುವ ಕೊರಮೀನನ್ನು ಮಾತ್ರ ಮುಟ್ಟಬೇಡಿ.

ಒಂದು ಪುಸ್ತಕ, ಒಂದು ಬಲೆ, ವರ್ಷಕ್ಕೆ ಎರಡು ದಿನ. ಇಷ್ಟು ಮಾಡಿದರೆ ನಿಮ್ಮ ಮೊಮ್ಮಕ್ಕಳೂ ಕೊರಮೀನಿನ ಸಾರು ಉಂಡಾರು.