ಮೈದಾನದ ಕಣ್ಣೀರು

ಬಯಲಿನಲ್ಲಿ ಇಪ್ಪತ್ತೆರಡು ಮಂದಿ ಒಂದು ಚೆಂಡಿನ ಬೆನ್ನು ಹತ್ತಿ ಓಡುತ್ತಾರೆ. ಅದನ್ನು ನೋಡುತ್ತ ನಿಂತವನು, ಮಕ್ಕಳೊಂದಿಗನಾದ ಗೃಹಸ್ಥನು, ಕಣ್ಣೀರಿಡುತ್ತಾನೆ. ಸೋತರೂ ಅಳು, ಗೆದ್ದರೂ ಅಳು. ಇವನ ಮನೆಗೆ ಇದರಿಂದ ಬಂದದ್ದೇನು, ಹೋದದ್ದೇನು ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಬೇಕೆನ್ನುವವರು ಒಮ್ಮೆ ಕಲ್ಕತ್ತೆಯ ಕಡೆಗೆ ನೋಡಬೇಕು.

1911ನೆಯ ಇಸವಿ ಜುಲೈ 29ರಂದು ಅಲ್ಲಿ ಐ.ಎಫ್.ಎ. ಷೀಲ್ಡಿನ ಕೊನೆಯ ಪಂದ್ಯ. ಒಂದು ಕಡೆ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬಿಳಿಯ ಸಿಪಾಯಿಗಳು. ಇನ್ನೊಂದು ಕಡೆ 1889ರಲ್ಲಿ ಹುಟ್ಟಿದ ಮೋಹನ್ ಬಗಾನ್ ಕ್ಲಬ್ಬಿನ ಹುಡುಗರು. ಇವರ ಪೈಕಿ ಒಬ್ಬನ ಕಾಲಿಗೆ ಬೂಟು. ಉಳಿದ ಹತ್ತು ಮಂದಿಯದು ಬರಿಗಾಲು. ಮೊದಲ ಗೋಲು ಸಿಪಾಯಿಗಳದಾಯಿತು. ಅನಂತರ ಶಿವದಾಸ ಭಾದುರಿ ಅದನ್ನು ಸರಿಗಟ್ಟಿದನು. ಆಟ ಮುಗಿಯಲು ಇನ್ನೇನು ಕೆಲವು ನಿಮಿಷಗಳಿರುವಾಗ ಅಭಿಲಾಷ ಘೋಷ್ ಎರಡನೆಯ ಗೋಲು ಹೊಡೆದನು. ದೂರ ನಿಂತವರಿಗೆ ಆಟ ಕಾಣದು. ಗಾಳಿಪಟ ಹಾರಿಸಿ ಅವರಿಗೆ ಗೋಲಿನ ಲೆಕ್ಕ ತಿಳಿಸುತ್ತಿದ್ದರಂತೆ. ಆ ಸಂಜೆ ಜನ ಅತ್ತದ್ದು ಒಂದು ಬೆಳ್ಳಿಯ ಫಲಕಕ್ಕಾಗಿ ಅಲ್ಲ. ಆಳುವವರ ಮುಂದೆ ತಲೆ ತಗ್ಗಿಸಿ ನಡೆಯುವ ಅಭ್ಯಾಸವಾಗಿ ಹೋಗಿದ್ದವರು ಒಂದು ಗಳಿಗೆಯಾದರೂ ತಲೆ ಎತ್ತಿದ್ದರು, ಅದಕ್ಕಾಗಿ.

ಇನ್ನೊಂದು ಕಣ್ಣೀರಿನ ಕಥೆ ಬೇರೆ. 1920ರಲ್ಲಿ ಅದೇ ನಗರದಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬು ಹುಟ್ಟಿತು. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಕ್ಲಬ್ಬು. 1947ರಲ್ಲಿ ದೇಶ ಒಡೆಯಿತು. ಮನೆ, ತೋಟ, ಹೊಳೆ, ಎಲ್ಲವನ್ನೂ ಆಚೆ ಬಿಟ್ಟು ಲಕ್ಷಾಂತರ ಜನ ಈಚೆಗೆ ಬಂದರು. ಕಾಲಕ್ರಮದಲ್ಲಿ ಅವರ ನಾಡಿನ ಹೆಸರು ಪೂರ್ವ ಪಾಕಿಸ್ತಾನವೆಂದಾಯಿತು, 1971ರಲ್ಲಿ ಬಾಂಗ್ಲಾದೇಶವೆಂದಾಯಿತು. ಹಳೆಯ ಹೆಸರು ಭೂಪಟದಿಂದ ಅಳಿಸಿಹೋಯಿತು. ಉಳಿದದ್ದು ಕ್ಲಬ್ಬಿನ ಹಲಗೆಯ ಮೇಲೆ. ಊರನ್ನು ಕಳೆದುಕೊಂಡವನು ಹನ್ನೊಂದು ಮಂದಿ ಆಟಗಾರರಲ್ಲಿ ಊರನ್ನು ಕಂಡರೆ ಅದು ಆಶ್ಚರ್ಯವೆ? 1949ರಿಂದ 1951ರವರೆಗೆ ಸತತವಾಗಿ ಮೂರು ವರ್ಷ ಈ ಕ್ಲಬ್ಬು ಷೀಲ್ಡನ್ನು ಗೆದ್ದಿತು. ಆಗ ಮುಂಪಂಕ್ತಿಯಲ್ಲಿ ಆಡುತ್ತಿದ್ದ ಐವರನ್ನು ಜನ ಪಂಚಪಾಂಡವರೆಂದು ಕರೆದರು. ಅವರಲ್ಲಿ ಒಬ್ಬ ನಮ್ಮ ಬೆಂಗಳೂರಿನ ಅಹಮದ್ ಖಾನ್. ನಿರಾಶ್ರಿತರ ಗುಡಿಸಲುಗಳಲ್ಲಿ ಬೆಂಗಳೂರಿನ ಹುಡುಗನೊಬ್ಬ ಮನೆಮಗನಾಗಿದ್ದನೆಂದರೆ ನಮಗೂ ಹೆಮ್ಮೆಯೇ.

ಈ ಎರಡು ಕ್ಲಬ್ಬುಗಳ ಪೈಪೋಟಿ ಅಡಿಗೆಮನೆಯವರೆಗೂ ಹೋಗಿದೆ. ಮೋಹನ್ ಬಗಾನ್ ಗೆದ್ದರೆ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು. ಇದು ವಿನೋದದ ಮಾತು. ಆದರೆ ವಿನೋದ ಯಾವಾಗಲೂ ವಿನೋದವಾಗಿಯೇ ಉಳಿಯುವುದಿಲ್ಲ. 1975ರ ಸೆಪ್ಟೆಂಬರ್ 30ರಂದು ಷೀಲ್ಡಿನ ಕೊನೆಯ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಐದು ಗೋಲು ಹೊಡೆಯಿತು, ಮೋಹನ್ ಬಗಾನ್ ಒಂದನ್ನೂ ಹೊಡೆಯಲಿಲ್ಲ. ಸೋತ ಆಟಗಾರರಲ್ಲಿ ಕೆಲವರು ಜನರಿಗೆ ಮುಖ ತೋರಿಸಲಾರದೆ ಆ ರಾತ್ರಿಯನ್ನು ಗಂಗೆಯಲ್ಲಿ ದೋಣಿಯ ಮೇಲೆ ಕಳೆದರೆಂದು ಹೇಳುತ್ತಾರೆ. ಒಬ್ಬ ತರುಣ ಅಭಿಮಾನಿಯಂತೂ ದುಃಖ ತಾಳದೆ ಪ್ರಾಣವನ್ನೇ ಬಿಟ್ಟನು. ಮುಂದೆ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಇದೇ ಎರಡು ಕ್ಲಬ್ಬುಗಳ ಪಂದ್ಯ ನಡೆದಾಗ ಪ್ರೇಕ್ಷಕರಲ್ಲಿ ಹೊಡೆದಾಟವಾಗಿ, ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. ಆಟ ನೋಡಲು ಹೋದ ಮಗ ಮನೆಗೆ ಬರಲಿಲ್ಲ. ಆ ತಾಯಂದಿರ ಕಣ್ಣೀರಿಗೆ ಸೋಲು ಗೆಲುವಿನ ಲೆಕ್ಕವುಂಟೆ? ಅವರ ನೆನಪಿಗಾಗಿ ಆಗಸ್ಟ್ 16ರಂದು ಅಲ್ಲಿ ಕಾಲ್ಚೆಂಡಿನ ಅಭಿಮಾನಿಗಳು ರಕ್ತದಾನ ಮಾಡುವ ಪದ್ಧತಿ ಬೆಳೆದಿದೆ. ಅಭಿಮಾನದಿಂದ ಹರಿದ ರಕ್ತಕ್ಕೆ ಅಭಿಮಾನಿಗಳೇ ಕಂಡುಕೊಂಡ ಪ್ರಾಯಶ್ಚಿತ್ತವಿದು.

ಅಭಿಮಾನವು ಬೆಳಕನ್ನೂ ಕೊಡಬಲ್ಲದು, ಮನೆಯನ್ನೂ ಸುಡಬಲ್ಲದು. ಅದರ ಬೆಳಕು ಕಂಡದ್ದು 2024ರಲ್ಲಿ. ಆ ಆಗಸ್ಟಿನಲ್ಲಿ ಕೋಲ್ಕತದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ ನಡೆದು, ಅವಳ ಕೊಲೆಯಾಯಿತು. ಊರೆಲ್ಲ ಕುದಿಯುತ್ತಿತ್ತು. 18ರಂದು ನಡೆಯಬೇಕಾಗಿದ್ದ ಇವೆರಡು ಕ್ಲಬ್ಬುಗಳ ಡ್ಯುರಾಂಡ್ ಕಪ್ ಪಂದ್ಯವನ್ನು ಬಂದೋಬಸ್ತಿನ ಕಾರಣದಿಂದ ರದ್ದು ಮಾಡಿದರು. ಆದರೂ ಅಭಿಮಾನಿಗಳು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಸೇರಿದರು. ನೂರು ವರ್ಷಗಳ ಎದುರಾಳಿಗಳು, ಒಬ್ಬರದು ಹಸಿರು-ಕಂದುಗೆಂಪು, ಇನ್ನೊಬ್ಬರದು ಕೆಂಪು-ಹೊನ್ನು, ಒಟ್ಟಿಗೆ ನಿಂತು ಆ ಹೆಣ್ಣುಮಗಳಿಗೆ ನ್ಯಾಯ ಬೇಕೆಂದು ಕೂಗಿದರು. ಒಬ್ಬರನ್ನೊಬ್ಬರು ಹೆಗಲ ಮೇಲೆ ಹೊತ್ತರು. ತಮ್ಮದಲ್ಲದ ಮನೆಯ ನೋವಿಗೆ ಮರುಗುವುದನ್ನು ಅವರಿಗೆ ಮೈದಾನವೂ ಕಲಿಸಿತ್ತೆಂದು ನನಗನ್ನಿಸುತ್ತದೆ. ತನ್ನದಲ್ಲದ ಕಾಲು ಎಡವಿದಾಗ ನೋಯುವವನಲ್ಲವೆ ಅಭಿಮಾನಿ?

ಆದುದರಿಂದ, ಆಟ ಮುಗಿದ ಮೇಲೆ ಕಣ್ಣೊರೆಸಿಕೊಳ್ಳುತ್ತ ಮನೆಗೆ ಬರುವವನನ್ನು ಕಂಡರೆ ನಗಬೇಡಿ. ಅವನು ಅಳಲಿ, ಬೇಡವೆನ್ನಬೇಡಿ. ಎದುರು ಪಕ್ಷದವನ ಕಣ್ಣಲ್ಲಿ ಇರುವುದೂ ಅಂಥದೇ ನೀರೆಂಬುದು ಅವನಿಗೆ ನೆನಪಿದ್ದರೆ ಸಾಕು. ಊಟ ಬಡಿಸಿ, ಮುಂದಿನ ಪಂದ್ಯ ಯಾವಾಗ ಎಂದು ಕೇಳಿ.